ದೆಶ್ರೆತ್

ದುಬೈ ಖಾರಿಯ ತುದಿಯಲ್ಲಿ ರಾಸ್ ಅಲ್ ಖೋರ್ ಜೌಗು ಇದೆ, 2007ರಿಂದ ರಾಮ್ಸಾರ್ ತಾಣ. ಅಲ್ಲಿ ಕೆಸರು ಸೋಸಿ ತಿನ್ನುವ ಫ್ಲೆಮಿಂಗೊಗಳನ್ನು ನಾವು ರಾಜಹಂಸ ಅನ್ನುತ್ತೇವೆ. ಈ ಹಕ್ಕಿಗೆ ನಿಜವಾದ ರಾಜಯೋಗ ಬಂದದ್ದು ಪ್ರಾಚೀನ ಈಜಿಪ್ಟಿನಲ್ಲಿ. ಅಲ್ಲಿನ ಚಿತ್ರಲಿಪಿಯಲ್ಲಿ ಫ್ಲೆಮಿಂಗೊ ಬರೆದರೆ ‘ಕೆಂಪು’ ಎಂದರ್ಥ, ವ್ಯಂಜನಗಳು ದ್-ಶ್-ರ್. ಸ್ವರ ಬರೆಯುವ ರೂಢಿ ಇರಲಿಲ್ಲ, ಎಕಾರವೆಲ್ಲ ಈಗಿನ ವಿದ್ವಾಂಸರ ಅನುಕೂಲಕ್ಕೆ. ಕೊನೆಗೆ ಸ್ತ್ರೀಲಿಂಗದ ‘ತ್’ ಹತ್ತಿದರೆ ದೆಶ್ರೆತ್.

ಇದಕ್ಕೆ ಒಂದರ್ಥ ಮರಳುಗಾಡು, ಕೆಂಪು ನೆಲ. ನೈಲ್ ದಡದ ಎರೆಭೂಮಿ ಕೆಮೆತ್. ಇನ್ನೊಂದರ್ಥ, ಕೆಳ ಈಜಿಪ್ಟಿನ ಅರಸನ ಕೆಂಪು ಕಿರೀಟ. (ಭೂಪಟದಲ್ಲಿ ‘ಕೆಳ’ ಈಜಿಪ್ಟ್ ಮೇಲಿದೆ, ಅದು ಹೊಳೆ ಹರಿಯುವ ಲೆಕ್ಕ.) ಕ್ರಿ.ಪೂ. 3100ರ ಸುಮಾರಿನ ನಾರ್ಮರ್ ಫಲಕದ ಒಂದು ಮುಖದಲ್ಲಿ ದೊರೆ ನಾರ್ಮರ್ ಈ ಕೆಂಪು ಕಿರೀಟ ತೊಟ್ಟಿದ್ದಾನೆ, ಇನ್ನೊಂದರಲ್ಲಿ ಮೇಲಿನ ಈಜಿಪ್ಟಿನ ಬಿಳಿ ಕಿರೀಟ ಹೆಜೆತ್. ಮುಂದೆ ಎರಡನ್ನೂ ಕೂಡಿಸಿದ ಜೋಡಿ ಕಿರೀಟ ಬಂತು, ‘ಎರಡು ನಾಡುಗಳೊಡೆಯ’ ಎಂಬ ಬಿರುದಿಗೆ ತಕ್ಕಂತೆ. ಚಿತ್ರಗಳು ಲೆಕ್ಕವಿಲ್ಲದಷ್ಟು, ಅಸಲಿ ಕಿರೀಟ ಒಂದೂ ಸಿಕ್ಕಿಲ್ಲ.

ಮರಳುಗಾಡಿಗೆ ಇಂಗ್ಲಿಷಿನಲ್ಲಿರುವ ‘ಡೆಸರ್ಟ್’ ಪದ ದೆಶ್ರೆತ್‌ನಿಂದಲೇ ಹುಟ್ಟಿತೆಂಬ ಮಾತು ಕೇಳಲು ಚೆಂದ, ಅಷ್ಟೆ. ಅದರ ಮೂಲ ಲ್ಯಾಟಿನ್.