ಮಿರಗದಿಂದ ಖಂಡೇ ಪೂಜೆಯವರೆಗೆ

ಬೆಳಗಾವಿಯಿಂದ ಖಾನಾಪುರದ ದಾರಿ ಹಿಡಿದು ಟಿಳಕವಾಡಿ, ಉದ್ಯಮಬಾಗ ದಾಟಿದರೆ ಪೀರನವಾಡಿ. ಇಲ್ಲಿ ರಸ್ತೆ ಕವಲೊಡೆಯುತ್ತದೆ. ಒಂದು ಮಚ್ಛೆಯ ಮೇಲಿಂದ ಖಾನಾಪುರ, ಲೋಂಡಾ, ರಾಮನಗರ, ಅನಮೋಡ ಹಾಯ್ದು ಗೋವೆಯ ಮೋಲೆಂಗೆ ಇಳಿಯುತ್ತದೆ. ಇನ್ನೊಂದು ಬಲಕ್ಕೆ ಹೊರಳಿ ಜಾಂಬೋಟಿ, ಕಣಕುಂಬಿ ಮುಟ್ಟಿ, ಚೋರ್ಲಾ ಘಾಟ್ ಇಳಿದು ಸಾಂಖಳಿ ಸೇರುತ್ತದೆ. ಯಾವ ಕವಲು ಹಿಡಿದರೂ ಮುಂದೆ ಕಾಡು, ಮಳೆ, ಇಳಿಜಾರು.

ಈ ಕವಲಿನ ಹತ್ತಿರ ನಮ್ಮ ಮನೆತನದ ಕೆಲಸ ನಡೆದುಕೊಂಡು ಬಂದಿದೆ. ಅಜ್ಜ ಚಕ್ಕಡಿಯ ಗಾಲಿ ಮಾಡುವ ಬಡಿಗ. ಅಪ್ಪ ಲಾರಿ ಮಿಸ್ತ್ರಿ. ನಾನು ಕಾರು ರಿಪೇರಿ ಮಾಡುವವನು. ಮೂವರ ಕೈಯಲ್ಲಿ ಹಿಡಿದ ಹತ್ಯಾರ ಬೇರೆಯಾದರೂ ಕೆಲಸದ ಪಂಚಾಂಗ ಒಂದೇ ಆಗಿತ್ತು: ಮಿರಗದ, ಅಂದರೆ ಮೃಗಶಿರಾ ನಕ್ಷತ್ರದ, ಮಳೆ ಹತ್ತುವ ಮೊದಲು ಒಮ್ಮೆ, ದಸರೆಯ ಖಂಡೇ ಪೂಜೆಗೆ, ಅಂದರೆ ಆಯುಧಪೂಜೆಗೆ, ಒಮ್ಮೆ, ಗಾಡಿಯನ್ನು ಪೂರ್ತಿ ಬಿಚ್ಚಿ ನೋಡಬೇಕು. ಈ ಪದ್ಧತಿಯನ್ನು ಯಾವ ಕಂಪನಿಯ ಪುಸ್ತಕವೂ ನಮಗೆ ಹೇಳಿಕೊಡಲಿಲ್ಲ. ನಮ್ಮ ಮಳೆ ಮತ್ತು ನಮ್ಮ ಘಾಟ್ ಸೇರಿ ಅದನ್ನು ಕಲಿಸಿದವು. ಅದರ ಚರಿತ್ರೆಯನ್ನು ಬರೆದಿಡಬೇಕು, ಯಾಕೆಂದರೆ ಅದು ಈಗ ಕೈಬಿಟ್ಟು ಹೋಗುತ್ತಿದೆ.

ಮೊದಲು ಮಳೆಯ ಮಾತು. ಬೆಳಗಾವಿ ನಗರದಲ್ಲಿ ವರ್ಷಕ್ಕೆ ಸುಮಾರು 1,300 ಮಿಲಿಮೀಟರ್ ಮಳೆ. ಮಲಪ್ರಭೆ ಹುಟ್ಟುವ ಕಣಕುಂಬಿಯಲ್ಲಿ ಅದರ ಮೂರು ಪಟ್ಟು. ಪೀರನವಾಡಿಯಲ್ಲಿ ತುಂತುರು ಬೀಳುತ್ತಿರುವಾಗ ಜಾಂಬೋಟಿಯ ಆಚೆ ರಸ್ತೆಯೇ ಕಾಣದಂಥ ಮಳೆ ಹಿಡಿದಿರುತ್ತದೆ. ಊರಿನ ಆಕಾಶ ನೋಡಿ ಘಾಟಿನ ಹವೆ ಅಳೆಯಬಾರದೆಂಬುದು ಈ ದಾರಿಯ ಮೊದಲ ಪಾಠ.

ಮೋಟಾರು ಬರುವ ಮುಂಚೆ ಕರಾವಳಿಯ ಉಪ್ಪು ಮೇಲಕ್ಕೆ, ಬಯಲಿನ ಧಾನ್ಯ ಕೆಳಕ್ಕೆ ಹೋಗುತ್ತಿದ್ದದ್ದು ಲಂಬಾಣಿಗಳ ಎತ್ತಿನ ಬೆನ್ನ ಮೇಲೆ. ಇಂಗ್ಲಿಷರ ಕಾಲದಲ್ಲಿ ಘಾಟ್ ರಸ್ತೆಗಳು ಸುಧಾರಿಸಿದಂತೆ ಚಕ್ಕಡಿಗಳು ಹೆಚ್ಚಿದವು. ಬೆಳಗಾವಿಯ ಕಡೆಯ ಹತ್ತಿ ವೆಂಗುರ್ಲೆಯ ಬಂದರಿಗೆ ಬಂಡಿಯಲ್ಲೇ ಇಳಿಯಿತು. 1880ರ ದಶಕದ ಕೊನೆಗೆ ಬೆಳಗಾವಿ, ಲೋಂಡಾಗಳಿಗೆ ರೈಲು ಬಂದಾಗ ದೂರದ ಸಾಗಾಟ ಬಂಡಿಯ ಕೈಬಿಟ್ಟಿತು. ಆದರೂ ಹೊಲ, ಸಂತೆ, ಕಟ್ಟಿಗೆ, ಖಾನಾಪುರದ ಹಂಚು ಇವೆಲ್ಲ ಚಕ್ಕಡಿಯನ್ನೇ ನಂಬಿದ್ದವು.

ಅಜ್ಜನಿಗೆ ದುಡಿಮೆಯ ಸುಗ್ಗಿ ಬೇಸಿಗೆ. ಬಿಸಿಲಿಗೆ ಗಾಲಿಯ ಜಾಲಿ ಕಟ್ಟಿಗೆ ಒಣಗಿ ಕುಗ್ಗುತ್ತದೆ, ಸುತ್ತಲಿನ ಕಬ್ಬಿಣದ ಹಳಿ ಸಡಿಲಾಗುತ್ತದೆ. ಹಾಗೆಯೇ ಮಳೆಗಾಲದ ಕೆಸರಿಗೆ ಇಳಿಸಿದರೆ ಹಳಿ ಕಳಚಿ ಬೀಳುವುದು ಖಂಡಿತ. ಅದಕ್ಕಾಗಿ ವೈಶಾಖದಲ್ಲೇ ಹಳಿ ಬಿಚ್ಚಿ, ಒಂಚೂರು ಕತ್ತರಿಸಿ ಬೆಸೆದು, ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಹಿಗ್ಗಿದಾಗ ಗಾಲಿಗೆ ಏರಿಸಿ ನೀರು ಸುರಿಯುತ್ತಿದ್ದರು. ತಣ್ಣಗಾದ ಹಳಿ ಕುಗ್ಗಿ ಕಟ್ಟಿಗೆಯನ್ನು ಬಿಗಿಯಾಗಿ ಹಿಡಿಯುತ್ತಿತ್ತು. ಅಚ್ಚಿಗೆ ಔಡಲೆಣ್ಣೆಯಲ್ಲಿ ಹುಲ್ಲಿನ ಕರಿ ಕಲಸಿದ ಕೀಲೆಣ್ಣೆ. ಕಾರಹುಣ್ಣಿಮೆಗೆ ಎತ್ತುಗಳಿಗೆ ಸಿಂಗಾರ ಆಗುವ ಹೊತ್ತಿಗೆ ಬಂಡಿಯೂ ಮಳೆಗೆ ತಯಾರಾಗಿರುತ್ತಿತ್ತು.

ಇಳಿಜಾರಿಗೂ ಅವರಲ್ಲಿ ಉಪಾಯವಿತ್ತು. ಘಾಟ್ ಇಳಿಯುವಾಗ ಬಂಡಿಯ ಹಿಂದೆ ಮರದ ದಿಮ್ಮಿ ಕಟ್ಟಿ ನೆಲಕ್ಕೆ ಎಳೆಸುತ್ತಿದ್ದರೆಂದು ಅಜ್ಜ ಹೇಳುತ್ತಿದ್ದ. ಭಾರವನ್ನೆಲ್ಲ ಎತ್ತಿನ ಕುತ್ತಿಗೆಗೆ ಬಿಟ್ಟರೆ ಎತ್ತು ಮುಗ್ಗರಿಸುತ್ತದೆ. ಇಳಿಯುವ ಗಾಡಿಯನ್ನು ತಡೆಯುವ ಕೆಲಸ ಒಂದೇ ಕಡೆ ಬೀಳಬಾರದು. ಈ ಮಾತನ್ನು ನೆನಪಿಡಿ, ಮೋಟಾರಿನ ಹೊತ್ತಿಗೂ ಇದೇ ಬರುತ್ತದೆ.

ಮೋಟಾರು ಬಸ್ಸು ಮೊದಲು ಬಂದದ್ದು ಖಾಸಗಿ ಸಾಹುಕಾರರದ್ದು. ಎರಡನೆಯ ಮಹಾಯುದ್ಧದ ಕಾಲಕ್ಕೆ ಪೆಟ್ರೋಲಿಗೆ ರೇಷನ್ನು ಬಿದ್ದಾಗ ದೇಶದ ತುಂಬ ಬಸ್ಸುಗಳಿಗೆ ಇದ್ದಿಲ ಗ್ಯಾಸಿನ ಒಲೆ ಕಟ್ಟಿದರು. 1948ರಿಂದ ಮುಂಬಯಿ ಸರಕಾರ ಪ್ರಯಾಣಿಕ ಸಾರಿಗೆಯನ್ನು ತನ್ನ ಕೈಗೆ ತೆಗೆದುಕೊಳ್ಳುತ್ತ ಬಂತು. 1956ರ ನವೆಂಬರ್ 1ರಂದು ಬೆಳಗಾವಿ ಮೈಸೂರು ರಾಜ್ಯಕ್ಕೆ ಸೇರಿತು. ಸರಕಾರಿ ಬಸ್ಸಿನ ಡಿಪೋ ಬಂದದ್ದರಿಂದ ಒಂದು ದೊಡ್ಡ ಲಾಭವಾಯಿತು: ಗಾಡಿ ಕೆಡುವ ಮೊದಲೇ ತಾರೀಖು ಹಾಕಿ ತಪಾಸಣೆ ಮಾಡುವ ಶಿಸ್ತು ನಮ್ಮ ಕಡೆಯ ಮಿಸ್ತ್ರಿಗಳ ಕಣ್ಣಿಗೆ ಬಿತ್ತು.

ಆದರೂ ಪೀರನವಾಡಿಯ ರಸ್ತೆ ಆಗಿನ್ನೂ ಗೋವೆಗೆ ಸಲೀಸಾಗಿ ಹೋಗುವ ರಸ್ತೆಯಾಗಿರಲಿಲ್ಲ. ಗಡಿಯ ಆಚೆ ಪೋರ್ಚುಗೀಸರಿದ್ದರು. 1961ರ ಡಿಸೆಂಬರಿನಲ್ಲಿ ಬೆಳಗಾವಿ ಗೋವಾ ಕಾರ್ಯಾಚರಣೆಗೆ ಸೈನ್ಯದ ನೆಲೆಯಾಯಿತು. ಮೇಜರ್ ಜನರಲ್ ಕೆ.ಪಿ. ಕ್ಯಾಂಡೆತ್ ಅವರ 17ನೆಯ ಪದಾತಿ ವಿಭಾಗದ 63ನೆಯ ಬ್ರಿಗೇಡ್ ಅನಮೋಡದ ಕಡೆಯಿಂದ ಇಳಿಯಿತು. ಡಿಸೆಂಬರ್ 19ಕ್ಕೆ ಗೋವಾ ಬಿಡುಗಡೆ. ಅಲ್ಲಿಂದ ಮುಂದೆ ಪೀರನವಾಡಿಯ ಕವಲಿಗೆ ಬೇರೆಯೇ ಕಳೆ ಬಂತು. ಬೆಳಗಾವಿಯ ಕಾಯಿಪಲ್ಲೆ, ಹಾಲು ಕೆಳಗೆ. ಗೋವೆಯ ಮೀನು ಮೇಲೆ. ಆ ಸಾಗಾಟ ಇವತ್ತಿಗೂ ನಸುಕಿನಲ್ಲೇ ನಡೆಯುತ್ತದೆ.

ಅಪ್ಪನ ಗ್ಯಾರೇಜು ಬೆಳೆದದ್ದು ಈ ಲಾರಿಗಳಿಂದ. ಡ್ರೈವರರು ಬಾಗಿಲಲ್ಲಿ ನಿಲ್ಲಿಸಿ ಕೇಳುತ್ತಿದ್ದ ಮಾತು ನನಗಿನ್ನೂ ಕಿವಿಯಲ್ಲಿದೆ: “ಮಿಸ್ತ್ರಿ, ಘಾಟ್ ಇಳ್ಯಾಕ ಗಾಡಿ ಚಲೋ ಐತೇನ್ರಿ, ಒಮ್ಮೆ ನೋಡ್ರಿ.” ಅಪ್ಪ ಬ್ರೇಕು, ಗಾಲಿಯ ನಟ್ಟು, ಸ್ಟಿಯರಿಂಗು ಮೂರನ್ನೂ ನೋಡದೆ ಯಾರಿಗೂ ಹೋಗು ಅಂದವನಲ್ಲ. “ಹತ್ತೂದು ಎಂಜಿನ್ ನೋಡ್ಕೋತೈತಿ, ಇಳ್ಯೂದು ನೀವು ನೋಡ್ಕೋಬೇಕ್ರಿ ಮಾಮಾ,” ಎನ್ನುತ್ತಿದ್ದ ವಯಸ್ಸಾದ ಡ್ರೈವರರಿಗೆ.

ಆ ಕಾಲದ ಗಾಡಿಗಳಿಗೆ ಮಳೆಯೇ ದೊಡ್ಡ ಶತ್ರು. ನಾಲ್ಕೂ ಗಾಲಿಗೆ ಡ್ರಮ್ ಬ್ರೇಕು. ಹಳ್ಳ ದಾಟಿದಾಗ ಡ್ರಮ್ಮಿನೊಳಗೆ ನೀರು ಹೊಕ್ಕರೆ ಲೈನರ್ ಹಿಡಿಯುವುದಿಲ್ಲ. ಡ್ರೈವರ್ ಸಾವಕಾಶ ಓಡಿಸುತ್ತಲೇ ಪೆಡಲನ್ನು ಮೆಲ್ಲಗೆ ಅದುಮುತ್ತ ಆ ಬಿಸಿಗೆ ನೀರು ಆರಿಸಿಕೊಳ್ಳಬೇಕಿತ್ತು. ಪೆಟ್ರೋಲ್ ಗಾಡಿಯ ಡಿಸ್ಟ್ರಿಬ್ಯೂಟರಿನ ಟೊಪ್ಪಿಗೆಗೆ ತೇವ ತಾಗಿದರೆ ಕಿಡಿ ದಾರಿ ತಪ್ಪಿ ಎಂಜಿನ್ ನಿಲ್ಲುತ್ತಿತ್ತು. ಒಣ ಅರಿವೆಯಿಂದ ಒರೆಸಿದರೆ ಮತ್ತೆ ಚಾಲೂ. ಎಂಜಿನ್ನಿನ ಎಳೆತದಿಂದ ಓಡುವ ಹಳೆಯ ವೈಪರುಗಳು ಏರು ಹತ್ತುವಾಗ, ಅಂದರೆ ಬೇಕೇಬೇಕಾದ ಹೊತ್ತಿಗೆ, ನಿಧಾನವಾಗುತ್ತಿದ್ದವು. ಆಗ ನಿಪ್ಪಾಣಿಯ ತಂಬಾಕಿನ ಎಲೆಯನ್ನು ನೆನೆಸಿ ಗಾಜಿಗೆ ಉಜ್ಜುತ್ತಿದ್ದರು. ಹನಿಗಳು ಹನಿಯಾಗಿ ನಿಲ್ಲದೆ ತೆಳ್ಳಗೆ ಹರಡಿ ಇಳಿಯುತ್ತಿದ್ದವು, ದಾರಿ ಒಂದಿಷ್ಟು ಕಾಣುತ್ತಿತ್ತು. ಕ್ಲೀನರ್ ಹುಡುಗನ ಕೈಯಲ್ಲಿ ಸದಾ ಒಂದು ಮರದ ಬೆಣೆ: ಏರಿನಲ್ಲಿ ಗಾಡಿ ನಿಂತ ಕೂಡಲೆ ಜಿಗಿದು ಹಿಂದಿನ ಗಾಲಿಗೆ ಕೊಡಬೇಕು.

ಇಳಿಯುವ ನಿಯಮ ಒಂದೇ. ಯಾವ ಗೇರಿನಲ್ಲಿ ಹತ್ತಬಹುದೋ ಅದೇ ಗೇರಿನಲ್ಲಿ ಇಳಿ. ಎಂಜಿನ್ನೇ ಗಾಡಿಯನ್ನು ಹಿಡಿದು ನಿಲ್ಲಿಸುವಾಗ ಬ್ರೇಕಿಗೆ ಕೆಲಸ ಕಡಿಮೆ, ಕಾಯುವುದು ಕಡಿಮೆ. ಡೀಸೆಲ್ ಉಳಿಸಲೆಂದು ನ್ಯೂಟ್ರಲ್ ಮಾಡಿ ಗಾಡಿ ಬಿಟ್ಟವರ ಬ್ರೇಕು ಕಾದು ಸುಟ್ಟ ವಾಸನೆ ಹೊಡೆದು, ಕಡೆಗೆ ಹಿಡಿಯದೇ ಹೋಗುತ್ತಿತ್ತು. ಅಜ್ಜನ ದಿಮ್ಮಿಯ ನ್ಯಾಯವೇ ಗೇರಿನ ಹೆಸರಲ್ಲಿ ಮುಂದುವರಿದಿತ್ತು.

ದಸರೆಯ ಹೊತ್ತಿಗೆ ಇನ್ನೊಂದು ದುಡಿಮೆ. ಹಸ್ತ, ಚಿತ್ತೆಯ ಮಳೆಯ ನಡುವೆ ಬಿಸಿಲು ಬಿದ್ದಾಗ ಗಾಡಿಗಳು ಸಾಲುಗಟ್ಟುತ್ತಿದ್ದವು. ಖಂಡೇ ಪೂಜೆಗೆ ತೊಳೆಯಬೇಕಲ್ಲ! ನಾಲ್ಕು ತಿಂಗಳ ಕೆಂಪು ಕೆಸರು ಕೆಳಗಿನಿಂದ ಇಳಿದಾಗಲೇ ಚಾಸಿಯ ತುಕ್ಕು, ಸೀಳಿದ ಕಮಾನು ಪಟ್ಟಿ, ಸೋರುವ ಬ್ರೇಕಿನ ಪೈಪು ಕಣ್ಣಿಗೆ ಬೀಳುತ್ತಿದ್ದದ್ದು. ಒಡೆದದ್ದನ್ನು ಸರಿಮಾಡಿ, ಗ್ರೀಸು ತುಂಬಿ, ಆಮೇಲೆ ಚೆಂಡುಹೂವಿನ ಮಾಲೆ, ಕುಂಕುಮ, ಗಾಲಿಯಡಿ ನಿಂಬೆಹಣ್ಣು. ಉದ್ಯಮಬಾಗದ ಎರಕದ ಕಾರ್ಖಾನೆಗಳಲ್ಲೂ ಅದೇ ದಿನ ಲೇತ್ ಮಷೀನು, ಕುಲುಮೆ ತಣ್ಣಗಿದ್ದು ಪೂಜೆ ಪಡೆಯುತ್ತವೆ. ಮರುದಿನ ಬನ್ನಿ ಕೊಟ್ಟು, ಬಂಗಾರದಂಗ ಇರೋಣು ಎನ್ನುತ್ತೇವೆ. ದೇವರ ಕೆಲಸದೊಳಗೆ ತಪಾಸಣೆಯನ್ನು ಹೀಗೆ ಹೆಣೆದಿಟ್ಟ ಹಿರಿಯರ ಜಾಣತನಕ್ಕೆ ನಾನು ಮನಸಾರೆ ಕೈಮುಗಿಯುತ್ತೇನೆ. ಓದುಬರಹ ಬಾರದವನ ಗಾಡಿಯೂ ವರ್ಷಕ್ಕೊಮ್ಮೆ ತಪ್ಪದೆ ತಪಾಸಣೆಗೆ ಒಳಪಡುತ್ತಿತ್ತು.

ನನ್ನ ಕಾಲಕ್ಕೆ ಅಂಬಾಸಿಡರ್, ಫಿಯೆಟ್ ಹಿಂದೆ ಸರಿದು, 1983ರ ಡಿಸೆಂಬರಿನಲ್ಲಿ ಹುಟ್ಟಿದ ಮಾರುತಿ 800 ಮನೆಮನೆಗೆ ಬಂತು. ಮುಂದಿನ ಗಾಲಿಗೆ ಡಿಸ್ಕ್ ಬ್ರೇಕು, ರೇಡಿಯಲ್ ಟಾಯರು, ಡಿಸ್ಟ್ರಿಬ್ಯೂಟರೇ ಇಲ್ಲದ ಎಂಜಿನ್ನು, ಲಾಕ್ ಆಗದ ಎಬಿಎಸ್ ಬ್ರೇಕು ಒಂದೊಂದಾಗಿ ಬಂದವು. ಗಾಡಿ ಸುಧಾರಿಸಿದ್ದು ನಿಜ, ಅದರಿಂದ ಜೀವ ಉಳಿದದ್ದೂ ನಿಜ. ರಾಷ್ಟ್ರೀಯ ಹೆದ್ದಾರಿ 4ಎ ಈಗ 748 ಆಗಿದೆ, ಖಾನಾಪುರದವರೆಗೆ ಅಗಲವೂ ಆಗಿದೆ. ಶನಿವಾರ ಬಂದರೆ ಗೋವೆಯ ಕಡಲಿಗೆ ಹೊರಟ ಕಾರುಗಳ ಸಾಲು ಚೋರ್ಲಾದ ಕಡೆ ಹೊರಳುತ್ತದೆ.

ಆದರೆ ಸರ್ವಿಸಿನ ಲೆಕ್ಕ ಮಳೆಯನ್ನು ಬಿಟ್ಟು ಕಿಲೋಮೀಟರಿಗೆ ಹೋಯಿತು. ಹತ್ತು ಸಾವಿರ ಕಿಲೋಮೀಟರ್ ಆಗದಿದ್ದರೆ ನೋಡುವುದೇ ಬೇಡ ಎಂಬ ನಂಬಿಕೆ ಬೆಳೆಯಿತು. ಬೆಂಗಳೂರಿನ ಬಯಲಿನಲ್ಲಿ ಅದು ನಡೆದೀತು. ಜುಲೈ ತಿಂಗಳಲ್ಲಿ ಕಣಕುಂಬಿ ದಾಟುವವನಿಗೆ ಮೀಟರಿನಷ್ಟೇ ಮಳೆ ನಕ್ಷತ್ರದ ಲೆಕ್ಕವೂ ಬೇಕು. ಹಾಗಾಗಿ ನನ್ನಲ್ಲಿಗೆ ಬರುವ ಎಲ್ಲರಿಗೂ ಹಳೆಯ ಪಂಚಾಂಗವನ್ನೇ ಹೊಸ ಗಾಡಿಗೆ ಹೊಂದಿಸಿ ಹೇಳುತ್ತೇನೆ.

ಮೇ ತಿಂಗಳ ಕೊನೆಯ ವಾರ, ಜೂನ್ 7ರ ಸುಮಾರಿಗೆ ಮಿರಗ ಹತ್ತುವ ಮೊದಲು, ಟಾಯರು ನೋಡಿ. ಕಾರಿನ ಟಾಯರಿನ ಗೀರುಗಳ ಆಳ 1.6 ಮಿಲಿಮೀಟರಿಗೆ ಬಂದರೆ ಕಾಯಿದೆಯ ಪ್ರಕಾರವೇ ಅದರ ಆಯುಷ್ಯ ಮುಗಿಯಿತು. ನಮ್ಮ ಘಾಟಿಗೆ ಅದಕ್ಕೂ ಮುಂಚೆಯೇ ಬದಲಿಸುವುದು ಲೇಸು. ಆ ಗೀರುಗಳೇ ಅಡಿಯ ನೀರನ್ನು ಹೊರಗೆ ದೂಡುವ ಕಾಲುವೆಗಳು. ಅವು ಸವೆದಾಗ ಟಾಯರು ನೀರಿನ ಮೇಲೆ ತೇಲುತ್ತದೆ, ಸ್ಟಿಯರಿಂಗೂ ಬ್ರೇಕೂ ಮಾತು ಕೇಳುವುದಿಲ್ಲ. ವೈಪರಿನ ರಬ್ಬರು ಬೇಸಿಗೆಯ ಬಿಸಿಲಿಗೆ ಗಡುಸಾಗಿರುತ್ತದೆ, ವರ್ಷಕ್ಕೊಮ್ಮೆ ಹೊಸದು ಹಾಕಿ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಆ ತೇವ ಇಳಿಜಾರಿನ ಬಿಸಿಗೆ ಕುದಿದು ಆವಿಯಾದರೆ ಪೆಡಲು ಪೊಳ್ಳಾಗುತ್ತದೆ. ಎರಡು ವರ್ಷಕ್ಕೊಮ್ಮೆ ತಪ್ಪದೆ ಬದಲಿಸಿ.

ಆರಿದ್ರಾ, ಪುನರ್ವಸು, ಪುಷ್ಯದ ಮಳೆಯಲ್ಲಿ ಓಡಿಸುವಾಗ ಮುಂದಿನ ಗಾಡಿಯಿಂದ ದುಪ್ಪಟ್ಟು ದೂರವಿರಿ. ಮಂಜು ಕವಿದರೆ ಹೈಬೀಮ್ ಹಾಕಬೇಡಿ, ಆ ಬೆಳಕು ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ಹಿಂದಿರುಗುತ್ತದೆ, ಡಿಮ್ ಹಾಕಿ. ಕಿರಿದಾದ ಘಾಟಿನಲ್ಲಿ ಹತ್ತುವ ಗಾಡಿಗೆ ದಾರಿ ಬಿಡಿ. ಅದು ಸೌಜನ್ಯವೂ ಹೌದು, ರಸ್ತೆಯ ನಿಯಮವೂ ಹೌದು. ನೀರು ಹರಿಯುವ ಸೇತುವೆಯ ಆಳ ಗೊತ್ತಿಲ್ಲದಿದ್ದರೆ ಹಿಂದಿರುಗಿ. ನೀರಲ್ಲಿ ಎಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡಲೇಬೇಡಿ: ಸಿಲಿಂಡರಿಗೆ ಹೊಕ್ಕ ನೀರು ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡನ್ನೇ ಬಗ್ಗಿಸುತ್ತದೆ. ಭೀಮಗಡದ ಕಾಡಿನ ಅಂಚಿನ ಈ ದಾರಿಯಲ್ಲಿ ಕಾಡುಕೋಣ ಅಡ್ಡ ಬರುತ್ತದೆ, ಕತ್ತಲಾದ ಮೇಲೆ ವೇಗ ಇಳಿಸಿ.

ಮಳೆ ನಿಂತ ಮೇಲೆ ಕಬ್ಬಿನ ಹಂಗಾಮು. ನವೆಂಬರಿನಿಂದ ಖಾನಾಪುರ ರಸ್ತೆಗೆ ಕಬ್ಬು ತುಂಬಿದ ಟ್ರಾಕ್ಟರುಗಳು ಇಳಿಯುತ್ತವೆ. ಎಷ್ಟೋ ಟ್ರೇಲರಿಗೆ ಹಿಂದಿನ ದೀಪವಿರುವುದಿಲ್ಲ, ಬೆಳಗಿನ ಇಬ್ಬನಿಯಲ್ಲಿ ತೀರ ಹತ್ತಿರ ಹೋಗುವವರೆಗೆ ಕಾಣುವುದಿಲ್ಲ. ರೈತ ಬಾಂಧವರಿಗೆ ನನ್ನ ಬೇಡಿಕೆ ಇಷ್ಟೇ: ಒಂದು ಕೆಂಪು ರಿಫ್ಲೆಕ್ಟರ್ ಪಟ್ಟಿ ಅಂಟಿಸಿ, ಅದರ ಬೆಲೆ ಅಲ್ಪ. ಮಾರ್ಚ್ ಬಂತೆಂದರೆ ರೇಡಿಯೇಟರಿನ ಕೂಲಂಟು, ಅದರ ಹೋಸು, ಬೆಲ್ಟು ನೋಡಿ. ಟಾಯರಿನ ಗಾಳಿಯನ್ನು ಬೆಳಿಗ್ಗೆ ಗಾಡಿ ತಣ್ಣಗಿರುವಾಗ ಅಳೆಯಿರಿ, ಓಡಿ ಕಾದ ಮೇಲೆ ಅಳತೆ ಹೆಚ್ಚು ತೋರಿಸುತ್ತದೆ.

ಇದರಲ್ಲಿ ಯಾವುದಕ್ಕೂ ದೊಡ್ಡ ಖರ್ಚಿಲ್ಲ, ದೊಡ್ಡ ವಿದ್ಯೆ ಬೇಕಿಲ್ಲ. ಬೇಕಾದದ್ದು ವರ್ಷದಲ್ಲಿ ಎರಡು ದಿನ ಮತ್ತು ಬಗ್ಗಿ ನೋಡುವ ಮನಸ್ಸು. ಈ ಸಲದ ಖಂಡೇ ಪೂಜೆಗೆ ಕಾರನ್ನು ಮೇಲಷ್ಟೇ ತೊಳೆಸಿ ಹೂ ಏರಿಸಬೇಡಿ. ಲಿಫ್ಟಿನ ಮೇಲೆ ಹತ್ತಿಸಿ, ಕೆಳಗೆ ನೀವೇ ನಿಂತು ಮಿಸ್ತ್ರಿಯ ಜೊತೆ ನೋಡಿ. ಮನೆಯ ಮಕ್ಕಳಿಗೂ ಬ್ರೇಕಿನ ಪೈಪು ಯಾವುದು, ತುಕ್ಕು ಎಲ್ಲಿ ಹಿಡಿಯುತ್ತದೆ ತೋರಿಸಿ. ಸ್ಟಿಯರಿಂಗ್ ಹಿಡಿಯುವ ಮೊದಲೇ ಅವರು ಇದನ್ನು ಕಲಿತರೆ, ಮೂರು ತಲೆಮಾರಿನಿಂದ ಈ ಕವಲಿನಲ್ಲಿ ನಾವು ಕಾಯ್ದುಕೊಂಡು ಬಂದ ಪದ್ಧತಿ ನಾಲ್ಕನೆಯದಕ್ಕೂ ದಾಟುತ್ತದೆ.