ಹುಟ್ಟಿದ್ದೆಲ್ಲಿ ಅಂತ ಕೇಳಲಿಲ್ಲ

ನಮ್ಮ ಹಾಲ್‌ನ ಮೂಲೆಯಲ್ಲಿದ್ದ ಉಪ್ಪುನೀರಿನ ಟ್ಯಾಂಕಿಗೆ ಒಂದು ಹಳದಿ ಟ್ಯಾಂಗ್ ಮೀನು ತಂದಿದ್ದೆ. ಬಾಲದ ಬುಡದಲ್ಲಿ ಆಪರೇಷನ್ ಚಾಕುವಿನಂಥ ಮುಳ್ಳು. ಅದಕ್ಕೇ ಈ ಕುಲಕ್ಕೆ ಸರ್ಜನ್ ಮೀನು ಅಂತ ಹೆಸರು. ಎಂಟೇ ತಿಂಗಳಿಗೆ ಸತ್ತುಹೋಯಿತು. ಕಡಲಲ್ಲಿ ಅದು 40 ವರ್ಷಕ್ಕೂ ಹೆಚ್ಚು ಬದುಕಬಲ್ಲದು ಅಂತ ಆಮೇಲೆ ಓದಿದೆ. ಹೊಟ್ಟೆ ಚುರುಕ್ ಅಂತು.

ಕಡಲನ್ನು ಗಾಜಿನೊಳಗೆ ಇಡುವ ಹುಚ್ಚು ಹಳೆಯದು. 1853ರಲ್ಲಿ ಲಂಡನ್ ಮೃಗಾಲಯ ಜನರಿಗಾಗಿ ಅಕ್ವೇರಿಯಂ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಬರೆದ ಪುಸ್ತಕ ಆ ಹುಚ್ಚನ್ನು ಮನೆಮನೆಗೆ ಹಬ್ಬಿಸಿತು. ಆದರೆ ಹಳದಿ ಟ್ಯಾಂಗನ್ನು ತೊಟ್ಟಿಯಲ್ಲೇ ಹುಟ್ಟಿಸಿ ಬೆಳೆಸೋದು ಬಹುಕಾಲ ಯಾರಿಗೂ ಒಲಿಯಲಿಲ್ಲ. ಮೊಟ್ಟೆ ನೀರಲ್ಲಿ ತೇಲುತ್ತೆ. ಮರಿ ಎಷ್ಟು ಸಣ್ಣದೆಂದರೆ ಅದರ ಬಾಯಿಗೆ ಹಿಡಿಸುವ ಆಹಾರ ಒದಗಿಸೋದೇ ಕಷ್ಟ. ಹಾಗಾಗಿ ಅಂಗಡಿಗೆ ಬಂದವು ಬಹುಪಾಲು ಹವಾಯಿಯ ಹವಳದಿಬ್ಬಗಳಲ್ಲಿ ಹಿಡಿದವು.

2015ರಲ್ಲಿ ಹವಾಯಿಯ ಓಷಿಯಾನಿಕ್ ಇನ್‌ಸ್ಟಿಟ್ಯೂಟ್ ಕೊನೆಗೂ ಮರಿಗಳನ್ನು ಬೆಳೆಸಿ ತೋರಿಸಿತು. 2017ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಪರಿಸರ ಪರಿಶೀಲನೆ ನಡೆಸದೆ ಅಕ್ವೇರಿಯಂ ವ್ಯಾಪಾರಕ್ಕೆ ಮೀನು ಹಿಡಿಯುವ ಪರವಾನಗಿ ಕೊಡುವಂತಿಲ್ಲ ಎಂದಿತು.

ಅಂಗಡಿಯಲ್ಲಿ ನಾನು ಕೇಳಿದ್ದು ರೇಟು ಮಾತ್ರ. ಟ್ಯಾಂಕು ಈಗ ಖಾಲಿ ಇದೆ. ಮತ್ತೆ ಮೀನು ತಂದರೆ, ಮೊದಲು ಕೇಳೋದು ಅದು ಹುಟ್ಟಿದ್ದೆಲ್ಲಿ ಅಂತ.