ಮಣಿಕಟ್ಟಿನ ನೋವಿಗೆ ಸಾಕ್ಷಿ ಯಾರು?

ನಮ್ಮ ಜಿಲ್ಲೆಯ ರೈತನಿಗೆ ಬಲಗೈ ಎಂದರೆ ಅರ್ಧ ಆಸ್ತಿ. ಹೊಳಲ್ಕೆರೆಯ ಕಡೆ ಅಡಿಕೆ ಸುಲಿಯಬೇಕು, ಹೊಸದುರ್ಗದಲ್ಲಿ ತೆಂಗಿನಕಾಯಿ ಸುಲಿಯಬೇಕು, ಹಿರಿಯೂರು, ಚಿತ್ರದುರ್ಗದ ಹೊಲಗಳಲ್ಲಿ ಶೇಂಗಾ ಬಳ್ಳಿ ಕಿತ್ತು ಕಾಯಿ ಬಿಡಿಸಬೇಕು. ಇವೆಲ್ಲಕ್ಕೂ ಬಲ ಬರುವುದು ಮಣಿಕಟ್ಟಿನಿಂದ. ಆ ಮಣಿಕಟ್ಟನ್ನು ಸೈನ್ಯದಲ್ಲಿ ಕಳೆದುಕೊಂಡು ಊರಿಗೆ ಮರಳಿದವನ ಪಾಡೇನು ಎಂಬುದನ್ನು ನಾನು ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಂದ ತಿಳಿದೆ. ಅದಕ್ಕೆ ಮೊದಲು ಸ್ವಲ್ಪ ಇತಿಹಾಸ.

1914ರ ಶರತ್ಕಾಲದಲ್ಲಿ ಭಾರತೀಯ ಸೈನಿಕರನ್ನು ಫ್ರಾನ್ಸಿನ ಕಂದಕಗಳಿಗೆ ಕಳುಹಿಸಲಾಯಿತು. ನಮ್ಮ ಮೈಸೂರು ಸಂಸ್ಥಾನದ ಅಶ್ವದಳ ಅಲ್ಲಿರಲಿಲ್ಲ; ಅದು ಈಜಿಪ್ಟ್, ಪ್ಯಾಲೆಸ್ಟೈನ್‌ಗಳಲ್ಲಿ ಹೋರಾಡಿ 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಗೆದ್ದ ದಳಗಳಲ್ಲಿ ಒಂದಾಯಿತು. ಫ್ರಾನ್ಸಿನಲ್ಲಿದ್ದ ಭಾರತೀಯರ ಪೈಕಿ ಕೈಗೆ ಗುಂಡು ತಗುಲಿದವರ ಸಂಖ್ಯೆ ಬಹಳವಾಗಿತ್ತು. ಯುದ್ಧದಿಂದ ತಪ್ಪಿಸಿಕೊಳ್ಳಲು ಇವರೇ ಕೈಗೆ ಗುಂಡು ಹೊಡೆದುಕೊಳ್ಳುತ್ತಿದ್ದಾರೆಂಬ ಅನುಮಾನ ಅಧಿಕಾರಿಗಳಲ್ಲಿ ಹಬ್ಬಿತು. ಇಂಗ್ಲೆಂಡಿನ ಬ್ರೈಟನ್ನಿನಲ್ಲಿ ಭಾರತೀಯರಿಗಾಗಿ ತೆರೆದಿದ್ದ ಕಿಚನರ್ ಆಸ್ಪತ್ರೆಯ ಮುಖ್ಯಸ್ಥ ಕರ್ನಲ್ ಬ್ರೂಸ್ ಸೀಟನ್ 1915ರಲ್ಲಿ ಒಂದು ಸಾವಿರ ಗಾಯಗಳನ್ನು ಒಂದೊಂದಾಗಿ ಪರಿಶೀಲಿಸಿದನು. ವ್ಯಾಪಕವಾಗಿ ಸ್ವಯಂಗಾಯ ನಡೆದಿದೆ ಎಂಬ ವಾದಕ್ಕೆ ಆಧಾರವಿಲ್ಲವೆಂದು ವರದಿ ಬರೆದನು. ಕಂದಕದಲ್ಲಿ ನಿಂತು ಬಂದೂಕು ಎತ್ತುವವನ ತಲೆ ಮತ್ತು ಕೈಗಳೇ ಅಲ್ಲವೆ ಮಣ್ಣಿನ ಮರೆಯಿಂದ ಹೊರಗೆ ಕಾಣುವುದು! ಅನುಮಾನಿಸುವುದು ಸುಲಭ, ಎಣಿಸಿ ನೋಡುವುದು ಕಷ್ಟ. ಸೀಟನ್ ಆ ಕಷ್ಟವನ್ನು ತೆಗೆದುಕೊಂಡನು.

ಕಾನೂನಿಗೆ ಬೆರಳು ಎಣಿಸುವುದು ಸುಲಭ. 1923ರ ಕಾರ್ಮಿಕರ ಪರಿಹಾರ ಕಾಯಿದೆಯ ಅನುಬಂಧದಲ್ಲಿ ಹೆಬ್ಬೆರಳು ಹೋದರೆ ಶೇಕಡಾ 30, ಇಡೀ ತೋರುಬೆರಳು ಹೋದರೆ ಶೇಕಡಾ 14 ಎಂದು ಲೆಕ್ಕವಿತ್ತು. ಆದರೆ ಕೈ ಇದ್ದೂ ಕೆಲಸಕ್ಕೆ ಬಾರದಿದ್ದರೆ? ಮಣಿಕಟ್ಟಿನಲ್ಲಿ ಹೆಬ್ಬೆರಳಿನ ಬುಡಕ್ಕೆ ದೋಣಿಯಾಕಾರದ ಸಣ್ಣ ಮೂಳೆಯೊಂದಿದೆ. ವೈದ್ಯರು ಅದನ್ನು ಸ್ಕೇಫಾಯ್ಡ್ ಎನ್ನುತ್ತಾರೆ. ಮಣಿಕಟ್ಟಿನ ಸಣ್ಣ ಮೂಳೆಗಳ ಪೈಕಿ ಅಂಗೈ ಊರಿ ಬಿದ್ದಾಗ ಮುರಿಯುವುದು ಹೆಚ್ಚಾಗಿ ಇದೇ. ಮೊದಲ ದಿನದ ಎಕ್ಸ್‌ರೇಯಲ್ಲಿ ಬಿರುಕು ಎಷ್ಟೋ ಬಾರಿ ಕಾಣುವುದಿಲ್ಲ. ರಕ್ತದ ಹರಿವು ಕಡಿಮೆಯಾದ್ದರಿಂದ ಅದು ಕೂಡದೆ ಉಳಿಯಬಹುದು. ವರ್ಷಗಳು ಕಳೆದ ಮೇಲೆ ಕೀಲು ಸವೆದು ಸಂಧಿವಾತವಾಗುತ್ತದೆ. ಬಿದ್ದದ್ದು ಒಂದು ವರ್ಷ, ನೋವು ಕಾಗದಕ್ಕೆ ಏರುವುದು ಇನ್ನೊಂದು ವರ್ಷ. ಅನುಮಾನ ನುಸುಳುವುದು ಈ ಅಂತರದಲ್ಲಿಯೇ.

ನನ್ನ ವಿದ್ಯಾರ್ಥಿಗೆ ಆದದ್ದೂ ಇದೇ. ಹೊಳಲ್ಕೆರೆ ತಾಲ್ಲೂಕಿನ ಹಳ್ಳಿಯವನು. 1987ರಲ್ಲಿ ಸೈನ್ಯ ಸೇರಿದನು. 1996ರಲ್ಲಿ ಗಡಿಯ ಠಾಣೆಯೊಂದಕ್ಕೆ ರೇಷನ್ ಹೊತ್ತು ಹೋಗುವಾಗ ಹಿಮದ ಮೇಲೆ ಜಾರಿ ಬಿದ್ದನು. ಪಟ್ಟಿ ಕಟ್ಟಿದರು, ಮತ್ತೆ ಕೆಲಸಕ್ಕೆ ಹೋದನು. 2004ರಲ್ಲಿ ಅವಧಿ ಮುಗಿಸಿ ಹವಾಲ್ದಾರನಾಗಿ ನಿವೃತ್ತನಾದಾಗ ವೈದ್ಯಕೀಯ ಮಂಡಳಿ ಬಲ ಮಣಿಕಟ್ಟಿನ ವೈಕಲ್ಯವನ್ನು ಶೇಕಡಾ 20 ಎಂದು ನಿಗದಿ ಮಾಡಿತು. ಆದರೆ ಅದು ಸೇವೆಯಿಂದ ಉಂಟಾದದ್ದೂ ಅಲ್ಲ, ಸೇವೆಯಿಂದ ಉಲ್ಬಣಿಸಿದ್ದೂ ಅಲ್ಲ ಎಂದು ಬರೆಯಿತು. ಅಂಗವೈಕಲ್ಯ ಪಿಂಚಣಿಗೆ ಶೇಕಡಾ 20 ಸಾಕು, ಆದರೆ ಸೇವೆಯ ಸಂಬಂಧ ಬೇಕೇಬೇಕು. ಅರ್ಜಿ ತಿರಸ್ಕೃತವಾಯಿತು.

2005ರಲ್ಲಿ ಆ ಇಂಗ್ಲಿಷ್ ಕಾಗದಗಳನ್ನು ಹಿಡಿದು ನನ್ನ ಮನೆಗೆ ಬಂದನು. "ಮೇಷ್ಟ್ರೇ, ಇದರಲ್ಲಿ ಏನು ಬರೆದಿದ್ದಾರೆ ಸ್ವಲ್ಪ ನೋಡಿ" ಎಂದನು. ಉತ್ತರಪತ್ರಿಕೆಯ ಒಟ್ಟು ಅಂಕವನ್ನಷ್ಟೇ ನೋಡುವ ಪರೀಕ್ಷಕನಂತೆ ನಾನು ಕೊನೆಯ ಸಾಲು ಓದಿದೆ. "ಡ್ಯೂಟಿಯಲ್ಲೇ ಬಿದ್ದೆ ಎನ್ನುವುದಕ್ಕೆ ನಿನ್ನ ಹತ್ತಿರ ಸಾಕ್ಷಿ ಏನಿದೆಯಪ್ಪಾ? ಡಾಕ್ಟರುಗಳೇ ಬರೆದ ಮೇಲೆ ಮುಗಿಯಿತು, ಬಿಡು" ಎಂದೆ. ಅವನು ಮರುಮಾತಾಡದೆ ಹೋದನು. ಮೇಲ್ಮನವಿಗಿದ್ದ ಆರು ತಿಂಗಳ ಗಡುವು ಕಳೆಯಿತು.

ಸಾಕ್ಷಿ ಕೇಳಿದ ನನ್ನ ಪ್ರಶ್ನೆಯೇ ತಪ್ಪಾಗಿತ್ತು. ಅವನಿಗೆ ಅನ್ವಯಿಸುತ್ತಿದ್ದ 1982ರ ಅರ್ಹತಾ ನಿಯಮಗಳ ಪ್ರಕಾರ, ಸೇರುವಾಗ ದಾಖಲಾಗದ ದೋಷ ಸೈನಿಕನಲ್ಲಿ ಇರಲಿಲ್ಲವೆಂದೇ ಭಾವಿಸಬೇಕು. ರುಜುವಾತಿನ ಹೊಣೆ ಅರ್ಜಿದಾರನದಲ್ಲ. ಸಂದೇಹದ ಲಾಭ ಅವನಿಗೇ ಸಲ್ಲಬೇಕು. 2013ರ ಜುಲೈ 2ರಂದು ಸರ್ವೋಚ್ಚ ನ್ಯಾಯಾಲಯ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಇದನ್ನೇ ಸ್ಪಷ್ಟಪಡಿಸಿತು. ಆತ ಅಪಸ್ಮಾರದಿಂದ ಬಳಲಿ ಸೇವೆಯಿಂದ ಹೊರಬಂದ ಸಿಪಾಯಿ. ಕಾಯಿಲೆ ಸೇವೆಯದಲ್ಲವೆಂದು ಹೇಳುವ ಮಂಡಳಿ ಕಾರಣವನ್ನೂ ಬರೆಯಬೇಕೆಂದು ನ್ಯಾಯಾಲಯ ಹೇಳಿತು. 2014ರ ಡಿಸೆಂಬರಿನಲ್ಲಿ ರಾಮ್ ಅವತಾರ್ ಪ್ರಕರಣದಲ್ಲಿ, ಅವಧಿ ಮುಗಿಸಿ ನಿವೃತ್ತರಾದವರಿಗೂ ಶೇಕಡಾ 50ಕ್ಕಿಂತ ಕಡಿಮೆಯ ವೈಕಲ್ಯವನ್ನು 50 ಎಂದೇ ಪರಿಗಣಿಸುವ ಸೌಲಭ್ಯ ಸಿಕ್ಕಿತು.

ಇದನ್ನು ಓದಿದೊಡನೆ ನಾನೇ ಅವನ ಹಳ್ಳಿಗೆ ಹೋದೆ. ಟ್ರಂಕಿನಿಂದ ಕಾಗದ ತೆಗೆಸಿ ಈ ಬಾರಿ ಮೊದಲಿನಿಂದ ಓದಿದೆ. ವೈಕಲ್ಯ ಮೊದಲು ಕಂಡ ವರ್ಷ, ಸ್ಥಳ ಎಂಬ ಕಲಮಿನಲ್ಲಿ 1996, ಗಡಿ ಠಾಣೆ ಎಂದು ಮಂಡಳಿಯೇ ಬರೆದಿತ್ತು! ನಾನು ಕೇಳಿದ್ದ ಸಾಕ್ಷಿ ಅಂದೇ ನನ್ನ ಕೈಯಲ್ಲಿತ್ತು. 2009ರಲ್ಲಿ ಕಾರ್ಯಾರಂಭ ಮಾಡಿದ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯಲ್ಲಿ ಕರ್ನಾಟಕ ಕೊಚ್ಚಿ ಪೀಠದ ವ್ಯಾಪ್ತಿಗೆ ಸೇರಿತ್ತು. ವಕೀಲರ ಮೂಲಕ 2015ರಲ್ಲಿ ಅಲ್ಲಿಗೆ ಅರ್ಜಿ ಹೋಯಿತು. ಆದೇಶ ಅವನ ಪರವಾಗಿ ಬಂದಿತು. ಆದರೆ ತಡವಾಗಿ ಬಂದವರಿಗೆ ಅರ್ಜಿಯ ಹಿಂದಿನ ಮೂರು ವರ್ಷಗಳ ಬಾಕಿ ಮಾತ್ರ ಎಂಬುದು 2008ರ ತರ್ಸೇಮ್ ಸಿಂಗ್ ತೀರ್ಪಿನಿಂದ ನೆಲೆಗೊಂಡ ನಿಯಮ. 2004ರಿಂದ 2012ರವರೆಗಿನ ಎಂಟು ವರ್ಷಗಳ ಹಣ ಹೋಯಿತು. ಆ ಎಂಟು ವರ್ಷಗಳಲ್ಲಿಯೇ ಅವನು ಮಗಳ ಓದಿಗೆಂದು ಅರ್ಧ ತೋಟವನ್ನು ಭೋಗ್ಯಕ್ಕೆ ಹಾಕಿದ್ದನು.

ಕ್ಷಮೆ ಕೇಳಿದಾಗ ಅವನು ಹೇಳಿದ್ದು ಒಂದೇ ಮಾತು: "ದುಡ್ಡು ಹೋಗಲಿ ಮೇಷ್ಟ್ರೇ. ಅವತ್ತು ನೀವೂ ನನ್ನನ್ನು ನಂಬಲಿಲ್ಲವಲ್ಲ ಅನ್ನಿಸಿತ್ತು."

ಓದುಗರಲ್ಲಿ ಮಾಜಿ ಸೈನಿಕರ ಕುಟುಂಬದವರಿದ್ದರೆ ಒಂದು ವಿನಂತಿ. ತಿರಸ್ಕಾರದ ಪತ್ರ ಬಂದರೆ ಕೊನೆಯ ಸಾಲಿಗೆ ನಿಲ್ಲಬೇಡಿ. ವೈದ್ಯಕೀಯ ಮಂಡಳಿಯ ವರದಿಯ ಪ್ರತಿ ಪಡೆದು ಪ್ರತಿಯೊಂದು ಕಲಮನ್ನೂ ಓದಿಸಿರಿ, ಗಡುವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿರಿ. 2023ರ ಸೆಪ್ಟೆಂಬರ್ 21ರಿಂದ ಹೊಸ ಅರ್ಹತಾ ನಿಯಮಗಳು ಬಂದಿರುವುದರಿಂದ, ನಿವೃತ್ತಿಯ ದಿನಾಂಕಕ್ಕೆ ಯಾವ ನಿಯಮ ಅನ್ವಯಿಸುತ್ತದೆಂದು ಸೈನಿಕ ಕಲ್ಯಾಣ ಕಚೇರಿಯಲ್ಲಿ ಮೊದಲು ವಿಚಾರಿಸಿರಿ. ಇನ್ನು ನನ್ನಂತೆ ನಾಲ್ಕಕ್ಷರ ಕಲಿತವರು, ಕಾಗದ ಹಿಡಿದು ಬಾಗಿಲಿಗೆ ಬಂದವನಿಗೆ ತೀರ್ಪು ಕೊಡುವ ಮೊದಲು ಆ ಕಾಗದವನ್ನು ಪೂರ್ತಿ ಓದಬೇಕು.